ಎಲೆಕ್ಟ್ರಾನಿಗೊಂದು ತುತ್ತು

ನಮ್ಮ ಊರಿನಲ್ಲಿ ಯಾರೂ ಸುಮ್ಮಸುಮ್ಮನೆ ಪ್ರಶ್ನೆ ಕೇಳುವುದಿಲ್ಲ. ಕೇಳಿದರೆ, ಅದಕ್ಕೆ ಉತ್ತರ ಸಿಕ್ಕಿ, ಆ ಉತ್ತರ ಮನಸ್ಸಿಗೆ ಹಿಡಿಸುವವರೆಗೆ ಕೇಳಿದವರ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ನೀರು ಇಳಿಯುತ್ತದೆ, ಮಜ್ಜಿಗೆ ಇಳಿಯುತ್ತದೆ. ಹಲ್ಲಿಗೆ ಸಿಗುವಂಥದ್ದು ಯಾವುದೂ ಇಳಿಯುವುದಿಲ್ಲ. ಹೀಗಾಗಿ ನಮ್ಮವರು ಮಾತಿನಲ್ಲಿ ಬಲು ಹುಷಾರು. ದಾರಿಯಲ್ಲಿ ಸಿಕ್ಕವರಿಗೆ "ಊಟ ಆಗಿರಬೇಕು" ಅನ್ನುತ್ತಾರೆಯೇ ಹೊರತು "ಆಯಿತಾ" ಅನ್ನುವುದಿಲ್ಲ. ತರಕಾರಿಯವಳು ಗಿರಾಕಿ ಬಾಯಿ ತೆರೆಯುವ ಮೊದಲೇ ಬೆಲೆ ಕೂಗಿಬಿಡುತ್ತಾಳೆ. ಹೆಣ್ಣು ನೋಡಲು ಬಂದವರು ತಮ್ಮ ಹುಡುಗನಿಗೆ ಏನೇನು ಬರುವುದಿಲ್ಲ ಎಂದು ತಾವಾಗಿಯೇ ಹೇಳಿ, ಆಮೇಲೆ ಉಪ್ಪಿಟ್ಟಿಗೆ ಕೈ ಹಾಕುತ್ತಾರೆ. ಪರಊರಿನವರು ಮಾತ್ರ ಬೆಳಗಿನ ಬಸ್ಸಿನಿಂದ ಇಳಿದು ಬಾಯಿಗೆ ಬಂದದ್ದೆಲ್ಲ ಕೇಳಿ, ಸಂಜೆಯ ಬಸ್ಸು ಹತ್ತುವ ಹೊತ್ತಿಗೆ ಹಸಿದು ಸೊರಗಿ ಹೋಗಿರುತ್ತಾರೆ.

ಇಂಥ ಊರಿನಲ್ಲೂ ಒಂದು ಕಾಲೇಜಿದೆ, ಅದರಲ್ಲಿ ವಿಜ್ಞಾನ ವಿಭಾಗವೂ ಇದೆ. ಭೌತಶಾಸ್ತ್ರದ ನರಹರಿ ಮೇಷ್ಟ್ರ ಪಾಠ ನಿಲ್ದಾಣವೇ ಇಲ್ಲದ ರೈಲಿನಂತೆ ಓಡುತ್ತಿತ್ತು, ಏಕೆಂದರೆ ಕೈ ಎತ್ತಿ ಸಂಶಯ ಕೇಳುವವರು ಯಾರೂ ಇರಲಿಲ್ಲ. ಮಧ್ಯಾಹ್ನದ ಊಟದ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಸಂಶಯ ಕೇಳುವಷ್ಟು ಧೈರ್ಯ ಯಾರಿಗೂ ಇರಲಿಲ್ಲ. ಎಲ್ಲರೂ ಉರು ಹೊಡೆಯುತ್ತಿದ್ದರು. ಬರವಣಿಗೆಗೆ ಈ ಕಾಟವಿಲ್ಲವಾದ್ದರಿಂದ ಪರೀಕ್ಷೆಯ ಪ್ರಶ್ನೆಪತ್ರಿಕೆ ಎಲ್ಲ ಊರುಗಳಂತೆ ನಮ್ಮೂರಿಗೂ ಹೊರಗಿನಿಂದ ಬರುತ್ತಿತ್ತು. ಪತ್ರಿಕೆ ತೆಗೆಯುವವರು ಲೆಕ್ಕವನ್ನು ಸ್ವಲ್ಪ ತಿರುಚಿ ಕೊಟ್ಟರೆ ಸಾಕು, ನಮ್ಮವರು ಗಣಿತದಲ್ಲಿ, ಭೌತಶಾಸ್ತ್ರದಲ್ಲಿ ಸಾಲಾಗಿ ಫೇಲು. ನಮ್ಮಲ್ಲಿ ಎರಡನೇ ಪಿಯುಸಿ ವಿಜ್ಞಾನ ಪಾಸಾದವರನ್ನು ನೋಡಿದ ನೆನಪು ಯಾರಿಗೂ ಇರಲಿಲ್ಲ. ಫೇಲಾಗುವುದು ಮಾವನ ಮನೆಗೆ ಹೋಗಿ ಬಂದಷ್ಟೇ ಸಹಜವಾಗಿತ್ತು.

ನನಗೆ ಅದು ಸರಿಬರಲಿಲ್ಲ. ನನ್ನ ಹೆಸರು ಕಾತ್ಯಾಯಿನಿ. ಬಾಯಿ ಜೋರು ಎಂದು ಊರೇ ಹೇಳುತ್ತದೆ. ತಲೆಯೂ ಇದೆ ಎಂಬುದನ್ನು ಊರು ಹೇಳುವುದಿಲ್ಲವಾದ್ದರಿಂದ ನಾನೇ ಹೇಳಿಕೊಳ್ಳಬೇಕಾಗಿದೆ. ಎಲ್ಲರೂ ಶಾಪ ಎಂದುಕೊಂಡದ್ದರಲ್ಲಿ ಒಂದು ಲಾಭ ಇದೆ ಎಂದು ಮೊದಲು ಕಂಡುಹಿಡಿದವಳು ನಾನು. ಸುಮ್ಮನೆ "ಗೊತ್ತಾಯ್ತು" ಎಂದು ತಲೆ ಆಡಿಸಿದರೆ ಮೇಷ್ಟ್ರು ನಂಬಬಹುದು, ಗಂಟಲು ನಂಬುವುದಿಲ್ಲ. ನಿಜವಾಗಿ ಅರ್ಥವಾದಾಗಲೇ ಅದು ತೆರೆಯುತ್ತದೆ. ಇಂಥ ಪರೀಕ್ಷಕನನ್ನು ಕುತ್ತಿಗೆಯಲ್ಲೇ ಇಟ್ಟುಕೊಂಡು ನಾವು ಫೇಲಾಗುತ್ತಿದ್ದೆವಲ್ಲ ಎಂದು ನನಗೆ ಸಿಟ್ಟು ಬಂದಿತ್ತು.

ಹೀಗೆ ನಾವು ನಾಲ್ವರು ಸಾಕಮ್ಮನ ಮೆಸ್ಸಿನಲ್ಲಿ, ಮಧ್ಯಾಹ್ನದ ಗಿರಾಕಿಗಳು ಎದ್ದುಹೋದ ಮೇಲೆ, ಕೂಡಿ ಓದತೊಡಗಿದೆವು. ಸಾಕಮ್ಮನ ಮಗ ಹೊನ್ನೇಶನಿಗೆ ಗಣಿತವೆಂದರೆ ನೀರು ಕುಡಿದ ಹಾಗೆ. ಎದ್ದು ಹೋಗಿ ನೀರು ಕುಡಿಯುವುದಕ್ಕೆ ಮಾತ್ರ ಸೋಮಾರಿತನ. ಗಿರಿಯಪ್ಪ ಎಂಬ ಹುಡುಗ ಪುಸ್ತಕವನ್ನು ರಟ್ಟಿನಿಂದ ರಟ್ಟಿಗೆ ಒಪ್ಪಿಸಬಲ್ಲವನಾಗಿದ್ದ, ಅರ್ಥದ ಗೊಡವೆಗೆ ಹೋದವನಲ್ಲ. ರಸಾಯನಶಾಸ್ತ್ರ ನನ್ನದು. ಭೌತಶಾಸ್ತ್ರ ಝೀನತ್‌ಳದು. ಬಸ್‌ಸ್ಟ್ಯಾಂಡಿನ ಪಕ್ಕ ವೆಲ್ಡಿಂಗ್ ಅಂಗಡಿ ಇಟ್ಟಿರುವ ಕಲಂದರ್ ಸಾಬರ ಒಬ್ಬಳೇ ಮಗಳು. ಮಾತು ಕಡಿಮೆ, ಯೋಚನೆ ಜಾಸ್ತಿ. ಪಾಸಾಗಿ ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ಬಿಎಸ್ಸಿ ಓದಬೇಕೆಂಬುದೊಂದೇ ಅವಳ ಆಸೆ. ಸಾಬರು "ಪಾಸಾಗು ಬೇಟಾ, ನಾನೇ ಕೈಯಾರೆ ಬಸ್ ಹತ್ತಿಸ್ತೀನಿ" ಎಂದಿದ್ದರು.

ನಮ್ಮ ಓದಿನ ಕ್ರಮ ಸರಳವಾಗಿತ್ತು. ಒಬ್ಬರು ಕೇಳಬೇಕು, ಗೊತ್ತಿದ್ದವರು ಹೇಳಬೇಕು, ಕೇಳಿದವರು ಸಾಕಮ್ಮನ ಬೋಂಡವೊಂದನ್ನು ಬಾಯಿಗಿಟ್ಟು ನೋಡಬೇಕು. ಇಳಿದರೆ ಮುಂದಿನ ಲೆಕ್ಕ, ಇಳಿಯದಿದ್ದರೆ ಮತ್ತೆ ಮೊದಲಿನಿಂದ. ಮೊದಲ ದಿನ ಹೊನ್ನೇಶನನ್ನು ನಾನು "ಇಂಟಿಗ್ರೇಷನ್ ಕೊನೇಲಿ ಆ 'ಸಿ' ಯಾಕೆ ಹಾಕ್ತಾರೆ?" ಎಂದು ಕೇಳಿಯೇಬಿಟ್ಟೆ. ಅವನು ಗೋಡೆಗೊರಗಿಕೊಂಡೇ ಹೇಳಿದ: "ಡಿಫರೆನ್ಶಿಯೇಷನ್ ಮಾಡುವಾಗ ಅಲ್ಲೊಂದು ಸ್ಥಿರಾಂಕ ಇದ್ದಿದ್ದರೂ ಅಳಿಸಿಹೋಗಿರುತ್ತೆ. ವಾಪಸ್ ಬರೋವಾಗ ಅಲ್ಲಿ ಏನಿತ್ತು ಅಂತ ನಮಗೆ ಗೊತ್ತಿಲ್ಲ. ಏನೋ ಇದ್ದಿರಬೇಕು ಅಂತ ಜಾಗ ಹಿಡೀಬೇಕು. ಬಸ್ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕ್ತೀವಲ್ಲ, ಹಂಗೆ ಕಣೇ." ಬೋಂಡ ಸಲೀಸಾಗಿ ಇಳಿಯಿತು. ಇಷ್ಟು ದಿನ ಕಣ್ಣು ಮುಚ್ಚಿ ಹಾಕುತ್ತಿದ್ದ ಆ 'ಸಿ' ನನಗೆ ಅಂದು ನೆಂಟನಂತೆ ಕಂಡಿತು. ಸಾಕಮ್ಮ ಒಲೆಯ ಮುಂದಿನಿಂದ, "ಹಿಂಗೇ ಓದಿದ್ರೆ ನನ್ನ ಬೋಂಡ ಖಾಲಿ, ನಿಮ್ಮ ತಲೆ ಭರ್ತಿ" ಎಂದಳು.

ವಾರಗಳು ಕಳೆದವು. ನಾವು ಮೂವರೂ ಝೀನತ್‌ಳನ್ನು ಕೇಳಿ ಕೇಳಿ ಭೌತಶಾಸ್ತ್ರ ಕಲಿತೆವು, ದಪ್ಪಗೂ ಆದೆವು. ಝೀನತ್ ಮಾತ್ರ ಭೌತಶಾಸ್ತ್ರದಲ್ಲಿ ಒಂದೂ ಪ್ರಶ್ನೆ ಕೇಳಲಿಲ್ಲ. ಅವಳಿಗೆ ಹೇಳಿಕೊಡಬಲ್ಲವರು ಅಲ್ಲಿ ಯಾರೂ ಇರಲಿಲ್ಲ ಎಂಬುದು ನಮ್ಮ ಬುದ್ಧಿಗೆ ಹೊಳೆದೇ ಇರಲಿಲ್ಲ. ಪರೀಕ್ಷೆ ತಲೆಯ ಮೇಲೆ ಬಂದಿದ್ದಾಗ, ಪರಮಾಣುವಿನ ನಡುವೆ ಬೀಜ, ಸುತ್ತ ತಿರುಗುವ ಎಲೆಕ್ಟ್ರಾನು ಎಂದು ಅವಳು ಚಿತ್ರ ಬರೆದು ಹೇಳಿದಳು. ನಮಗೆಲ್ಲ ವಡೆ ಇಳಿಯಿತು. ಅವಳು ಆ ಚಿತ್ರವನ್ನೇ ದಿಟ್ಟಿಸುತ್ತಾ ಇದ್ದವಳು, ತನಗೇ ಅರಿವಿಲ್ಲದಂತೆ, "ಸುತ್ತೋದು ಸರಿ. ಆದ್ರೆ ಅದು ಒಳಗೆ ಯಾಕೆ ಬೀಳಲ್ಲ?" ಎಂದುಬಿಟ್ಟಳು.

ಸಾಕಮ್ಮನ ಜಾಲರಿ ಎಣ್ಣೆಯಲ್ಲೇ ನಿಂತಿತು. ಗಿರಿಯಪ್ಪ ತಡಮಾಡದೆ ಒಪ್ಪಿಸಿದ: "ನಿಗದಿಯಾದ ಕಕ್ಷೆಗಳಲ್ಲಿ ಸುತ್ತುವಾಗ ಎಲೆಕ್ಟ್ರಾನು ಶಕ್ತಿಯನ್ನು ಹೊರಸೂಸುವುದಿಲ್ಲ. ಇದು ಪಾಸ್ಟುಲೇಟ್." ಝೀನತ್ ವಡೆಯ ಚೂರೊಂದನ್ನು ಬಾಯಿಗಿಟ್ಟಳು. ಅದು ಇಳಿಯಲಿಲ್ಲ. ನರಹರಿ ಮೇಷ್ಟ್ರ ಮನೆಗೆ ಓಡಿದೆವು. ಅವರು ಕನ್ನಡಕ ಏರಿಸಿಕೊಂಡು, "ಪಾಸ್ಟುಲೇಟ್ ಅಂದ್ರೆ ಒಪ್ಕೊಂಡು ಮುಂದೆ ಹೋಗೋದು ಕಣಮ್ಮ. ಇದು ಸಿಲೆಬಸ್ಸಿನಲ್ಲೂ ಇಲ್ಲ, ಪರೀಕ್ಷೇಲೂ ಬರಲ್ಲ. ತಲೆಯಿಂದ ತೆಗೆದುಹಾಕು" ಎಂದರು. ತಲೆಯಿಂದ ತೆಗೆದು ಹಾಕಬಹುದಿತ್ತೇನೋ, ಗಂಟಲಿನಿಂದ ತೆಗೆಯಲಾಗಲಿಲ್ಲ.

ಅವಳು ಮಜ್ಜಿಗೆ ಮತ್ತು ಗಂಜಿಯ ತಿಳಿಯ ಮೇಲೆ ದಿನ ದೂಡತೊಡಗಿದಳು. ಕೆನ್ನೆಗಳು ಒಳಕ್ಕೆ ಹೋದವು. ನಾಲ್ಕು ಸಾಲು ಬರೆದು ಪೆನ್ನು ಕೆಳಗಿಡುತ್ತಿದ್ದಳು. ಮೂರು ಗಂಟೆಯ ಪರೀಕ್ಷೆ ಬರೆಯುವ ಶಕ್ತಿ ಅವಳಿಗೆ ಉಳಿಯುವುದಿಲ್ಲ ಎಂಬುದು ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು. ಒಂದು ಮಧ್ಯಾಹ್ನ ಕಲಂದರ್ ಸಾಬರು ವೆಲ್ಡಿಂಗಿನ ಮುಖವಾಡ ಕಳಚಿ, ಮಗಳ ಮುಂದೆ ಕೂತು, ತಡೆಯಲಾರದೆ, "ನನ್ನ ಮಗಳು ಹೊಟ್ಟೆ ತುಂಬ ಯಾವಾಗ ಉಣ್ತಾಳೆ?" ಎಂದು ಕೇಳಿಬಿಟ್ಟರು. ಅಷ್ಟು ವಯಸ್ಸಾದ ಮನುಷ್ಯ, ಊರಿನ ರೀತಿ ಬಲ್ಲವರು. ಹೀಗೆ ಆ ಮನೆಯಲ್ಲಿ ಇಬ್ಬರಿಗೆ ಅನ್ನ ಇಳಿಯದಂತಾಯಿತು.

ನಮ್ಮೂರಿನಲ್ಲಿ ಇಂಥ ಕಷ್ಟಕ್ಕೆ ಪಾಲು ಹೊರುವುದು ಎಂಬ ಪದ್ಧತಿಯಿದೆ. ಹಿಂದೊಮ್ಮೆ ಮೇಗಲ ಬೀದಿಯ ನಂಜವ್ವ "ನನ್ನ ಎಮ್ಮೆ ಎಲ್ಲಿ?" ಎಂದು ಕೇಳಿ ಉಪವಾಸ ಬಿದ್ದಾಗ, ಇಡೀ ಬೀದಿಯವರು ತಮ್ಮ ತಮ್ಮ ಬಾಯಿಂದ ಅದೇ ಪ್ರಶ್ನೆ ಕೇಳಿ ಪಾಲು ಹೊತ್ತಿದ್ದರು. ನಂಜವ್ವನಿಗೆ ಅನ್ನ ಇಳಿಯಿತು, ಬೀದಿಯವರ ತಟ್ಟೆಯಲ್ಲಿ ತಲಾ ಒಂದೊಂದು ತುತ್ತು ಉಳಿಯಿತು. ಕೊನೆಗೆ ಎಮ್ಮೆ ತಾನಾಗಿಯೇ ಮನೆಗೆ ಬಂತು. ನಾವೂ ಹಾಗೇ ಮಾಡೋಣ ಎಂದು ನಾನು ಬೀದಿಯವರನ್ನೆಲ್ಲ ಮೆಸ್ಸಿಗೆ ಕರೆದೆ. ಝೀನತ್ ಎಂದರೆ ಎಲ್ಲರಿಗೂ ಅಕ್ಕರೆ, ಕರೆದ ತಕ್ಷಣ ಬಂದರು. ಗಿರಿಯಪ್ಪ ಮುಂದೆ ನಿಂತು ಹೇಳಿಕೊಟ್ಟ, ಎಲ್ಲರೂ ಭಜನೆಯಂತೆ ಒಕ್ಕೊರಲಿನಿಂದ, "ಎಲೆಕ್ಟ್ರಾನು ಒಳಗೆ ಯಾಕೆ ಬೀಳಲ್ಲ?" ಎಂದರು. ಆಮೇಲೆ ಎಲೆ ಹಾಕಿ ಬಡಿಸಲಾಯಿತು. ಎಲ್ಲರೂ ಚೆನ್ನಾಗಿ ಉಂಡರು. ಕೆಲವರು ಉಪ್ಪಿನಕಾಯಿ ಎರಡನೇ ಸಲ ಹಾಕಿಸಿಕೊಂಡರು. ಒಬ್ಬರ ಗಂಟಲಲ್ಲೂ ಒಂದು ಅಗುಳು ನಿಲ್ಲಲಿಲ್ಲ. ಹೊನ್ನೇಶನಿಗೂ ಇಳಿಯಿತು, ನನಗೂ ಇಳಿಯಿತು. ಮಜ್ಜಿಗೆ ಲೋಟ ಹಿಡಿದು ನಮ್ಮನ್ನೇ ನೋಡುತ್ತಾ ಕೂತಿದ್ದ ಝೀನತ್‌ಳ ಎದುರು ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಎಮ್ಮೆ ಎಂದರೇನು ಎಂದು ಬೀದಿಗೆಲ್ಲ ಗೊತ್ತಿತ್ತು, ಅದು ಸಿಗಲಿ ಎಂಬ ಆಸೆಯೂ ಇತ್ತು. ಎಲೆಕ್ಟ್ರಾನು ಬಿದ್ದರೇನು, ಎದ್ದರೇನು ಎಂದಿದ್ದವರ ಬಾಯಿಂದ ಬಂದದ್ದು ಪ್ರಶ್ನೆಯೇ ಅಲ್ಲ. ನಮ್ಮನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಗಣಿತದ ಪರೀಕ್ಷೆಗೆ ಅವಳು ಮಜ್ಜಿಗೆ ಕುಡಿದೇ ಹೋದಳು. ಪತ್ರಿಕೆಯಲ್ಲಿ ಒಂದೂ ಬಿಡಲಿಲ್ಲವಂತೆ, ಆದರೆ ಹೊರಗೆ ಬಂದವಳು ಗೋಡೆ ಹಿಡಿದು ಕುಸಿದು ಕೂತಳು. ಭೌತಶಾಸ್ತ್ರಕ್ಕೆ ಇನ್ನು ಕೆಲವೇ ದಿನ. ಅವಳನ್ನು ಮೆಸ್ಸಿಗೆ ಕರೆತಂದು ಕೂರಿಸಿದೆವು. ನಾನು ನೇರವಾಗಿ ಹೇಳಿದೆ: "ನಿನ್ನ ಪ್ರಶ್ನೆ ನಮಗೆ ಅರ್ಥವೇ ಆಗಿಲ್ಲ ಕಣೇ. ಉತ್ತರ ಬೇಡ, ಪ್ರಶ್ನೇನೇ ಹೇಳಿಕೊಡು."

ಅವಳ ಕಣ್ಣಲ್ಲಿ ಬಹಳ ದಿನದ ಮೇಲೆ ಬೆಳಕು ಬಂತು. "ಅದು ಬೀಳಲೇಬೇಕು ಅಂತ ನಿಮಗೆ ಗೊತ್ತಾಗಿಲ್ಲ. ಅದಕ್ಕೇ ಬೀಳದೆ ಇರೋದು ನಿಮಗೆ ಸೋಜಿಗ ಅನ್ನಿಸ್ತಿಲ್ಲ" ಎಂದು, ಹೊನ್ನೇಶನ ಹಳೆಯ ಬುಗುರಿ ತರಿಸಿ ಮೇಜಿನ ಮೇಲೆ ತಿರುಗಿಸಿದಳು. "ನೋಡಿ, ಶಕ್ತಿ ಕಳಕೊಳ್ತಾ ಕಳಕೊಳ್ತಾ ವಾಲಿ ಬಿತ್ತು. ಎಲೆಕ್ಟ್ರಾನಿಗೆ ವಿದ್ಯುದಂಶ ಇದೆ, ಅಂದ್ರೆ ಚಾರ್ಜು. ವಿದ್ಯುದಂಶ ಇರೋದು ದಿಕ್ಕು ಬದಲಿಸಿದಾಗಲೆಲ್ಲ ಬೆಳಕು ಚೆಲ್ಲುತ್ತೆ. ಇದು ದುಂಡಗೆ ಸುತ್ತುತ್ತಿದೆ, ಅಂದ್ರೆ ಪ್ರತಿ ಗಳಿಗೆಯೂ ದಿಕ್ಕು ಬದಲಿಸ್ತಿದೆ. ಶಕ್ತಿ ಚೆಲ್ಲಿ ಚೆಲ್ಲಿ, ಕಣ್ಣು ಮಿಟುಕಿಸೋದರೊಳಗೆ ಬೀಜಕ್ಕೆ ಹೋಗಿ ಬೀಳಬೇಕು. ಒಂದಲ್ಲ, ಎಲ್ಲ ಪರಮಾಣುಗಳಲ್ಲೂ. ಹಂಗೆ ಬಿದ್ದಿದ್ರೆ ಈ ಮೇಜು ಇರಲ್ಲ, ಒಲೆ ಇರಲ್ಲ, ನಾನೂ ನೀನೂ ಇರಲ್ಲ."

ನಾನು ಮೇಜಿನ ಮೇಲೆ ಕೈಯಿಟ್ಟೆ. ಗಟ್ಟಿಯಾಗಿತ್ತು. ಅದು ಹಾಗೆ ಗಟ್ಟಿಯಾಗಿ ನಿಂತಿದ್ದು ನೋಡಿ ನನಗೆ ಹುಟ್ಟಿದಾಗಿನಿಂದ ಆಗದ ಭಯವೊಂದು ಆಯಿತು. "ಹಂಗಾದ್ರೆ ಯಾಕೆ ಬೀಳಲಿಲ್ಲ?" ಎಂದು ನನಗೆ ಗೊತ್ತಿಲ್ಲದೆಯೇ ಕೇಳಿದೆ. ಕೈಲಿದ್ದ ಇಡ್ಲಿಯ ಚೂರನ್ನು ಬಾಯಿಗಿಟ್ಟರೆ ಅದು ಗಂಟಲಲ್ಲಿ ನಿಂತಿತು. ಉಗುಳಿ, ಎದ್ದು ಕುಣಿದೆ. ಅನ್ನ ಇಳಿಯದಿದ್ದಕ್ಕೆ ಅಷ್ಟು ಖುಷಿಪಟ್ಟವರು ನಮ್ಮೂರ ಚರಿತ್ರೆಯಲ್ಲೇ ಇಲ್ಲ. ಹೊನ್ನೇಶನಿಗೂ ನಿಂತಿತು. ಝೀನತ್ ಒಂದು ಚಿಟಿಕೆಯಷ್ಟು ಇಡ್ಲಿ ನುಂಗಿದಳು. ನಾವು ಮೂವರೂ ಅಳುತ್ತಿದ್ದೆವು. ಗಿರಿಯಪ್ಪ ಮಾತ್ರ ಪೂರ್ತಿ ತಟ್ಟೆ ಖಾಲಿ ಮಾಡಿ, ಅವಮಾನದಿಂದ ಕಿವಿ ಕೆಂಪಗೆ ಮಾಡಿಕೊಂಡು, ಬುಗುರಿ ಎತ್ತಿಕೊಂಡು ಮೂಲೆಗೆ ಹೋಗಿ ಕೂತ.

ಆದರೆ ಮೂವರ ಹೆಗಲು ಸಾಲುವ ಪ್ರಶ್ನೆ ಅದಾಗಿರಲಿಲ್ಲ. ಇನ್ನೊಂದು ಬುಗುರಿ ಹಿಡಿದು ನಾನು ಊರಿಗೆ ಇಳಿದೆ. ನನ್ನ ಬಾಯಿಗೆ ಕೊನೆಗೂ ತಕ್ಕ ಕೆಲಸ ಸಿಕ್ಕಿತ್ತು. ಮೊದಲು ಸಲೂನಿನ ಗುರುಸಿದ್ದಣ್ಣ. ಅವನು ಒಬ್ಬರಿಗೆ ಅರ್ಧ ಗಡ್ಡ ಹೆರೆದಿದ್ದ. ಕನ್ನಡಿಯ ಮುಂದಿನ ಹಲಗೆಯ ಮೇಲೆ ಬುಗುರಿ ತಿರುಗಿಸಿ, ಝೀನತ್ ಹೇಳಿದ್ದನ್ನೆಲ್ಲ ಹೇಳಿದೆ. ಅವನು ಕತ್ತಿ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ, "ಬುಗುರಿ ಬೀಳ್ತದೆ. ಅದೂ ಬೀಳಬೇಕು. ಬಿದ್ರೆ ಈ ಕುರ್ಚಿ ಇರಂಗಿಲ್ಲ" ಎಂದು ಕುರ್ಚಿಯನ್ನು ಎರಡು ಸಲ ಒತ್ತಿ ನೋಡಿ, ಮೆಲ್ಲಗೆ, "ಮತ್ತೆ ಯಾಕವ್ವಾ ಬೀಳ್ಲಿಲ್ಲ?" ಎಂದ. ಅರ್ಧ ಗಡ್ಡದವರು ಕನ್ನಡಿಯೊಳಗಿಂದಲೇ, "ನಾನೂ ಅದನ್ನೇ ಕೇಳಬೇಕು ಅಂತಿದ್ದೆ, ಯಾಕೆ ಬೀಳಲಿಲ್ಲ?" ಎಂದರು. ಅಂದು ಅವರಿಬ್ಬರ ಬುತ್ತಿಯಲ್ಲೂ ಕೊನೆಯ ತುತ್ತು ಉಳಿಯಿತು.

ಹೀಗೆ ಹೊಲಿಗೆಯ ಮಷೀನಿನ ಮುಂದೆ, ಹಿಟ್ಟಿನ ಗಿರಣಿಯಲ್ಲಿ, ನಲ್ಲಿಯ ಸಾಲಿನಲ್ಲಿ ನಾವು ಪಾಠ ಮಾಡಿದೆವು. ಅರ್ಥವಾಗದವರಿಗೆ ಮತ್ತೆ ಮತ್ತೆ ಹೇಳಿದೆವು; ಹೇಳಿ ಹೇಳಿ ಇಡೀ ಭೌತಶಾಸ್ತ್ರ ನಮ್ಮ ನಾಲಿಗೆಯ ತುದಿಗೆ ಬಂದು ನಿಂತಿತು. ಪರೀಕ್ಷೆ ಹತ್ತಿರವಿದ್ದಾಗ ಓದು ಬಿಟ್ಟು ಬೀದಿ ಸುತ್ತುತ್ತಿದ್ದಾರೆ ಎಂದು ಬೈದವರಿಗೂ ಬುಗುರಿ ತೋರಿಸಿದೆವು. ಸಾಕಮ್ಮ ಸಾರಿಗೆ ಒಗ್ಗರಣೆ ಹಾಕುವಾಗ ಥಟ್ಟನೆ ಕೇಳಿ, ತನ್ನ ಪಾಲು ಹೊತ್ತಳು. ಗಿರಿಯಪ್ಪ ಮೂಲೆಯಲ್ಲಿ ಬುಗುರಿ ತಿರುಗಿಸುತ್ತಾ ಇದ್ದವನು ಒಂದು ಮಧ್ಯಾಹ್ನ "ಅಯ್ಯೋ!" ಎಂದು ಕೂಗಿದ. ಅವನ ಗಂಟಲೂ ಕಟ್ಟಿತ್ತು. "ಎಷ್ಟು ಜನ ಹೊತ್ತರೂ ಝೀನತ್ ಪಾಲು ಸೊನ್ನೆ ಆಗಲ್ಲ, ಸೊನ್ನೆ ಹತ್ತಿರ ಹೋಗುತ್ತೆ ಅಷ್ಟೆ" ಎಂದು ಹೊನ್ನೇಶ ಅಂದಾಗ ಗಿರಿಯಪ್ಪ, "ಅಂದ್ರೆ ಲಿಮಿಟ್ ಅಂದ್ರೆ ಇದು!" ಎಂದು ಹಣೆ ಬಡಿದುಕೊಂಡ. ಎರಡು ವರ್ಷ ಅವನು ಆ ವ್ಯಾಖ್ಯೆಯನ್ನು ನಿದ್ದೆಯಲ್ಲೂ ಒಪ್ಪಿಸುತ್ತಿದ್ದ.

ಝೀನತ್ ಈಗ ಅರ್ಧ ತಟ್ಟೆ ಉಣ್ಣುತ್ತಿದ್ದಳು. ಅಲ್ಲಿಗೇ ನಿಂತಿತು. ಪ್ರಶ್ನೆಯನ್ನು ಹೆಚ್ಚು ಬಲ್ಲವರು ಹೆಚ್ಚು ಹೊರುತ್ತಾರೆ. ನಮ್ಮವರ ತಿಳಿವಳಿಕೆ ತಲಾ ಒಂದು ತುತ್ತಿನಷ್ಟು. ಉಳಿದ ಭಾರವೆಲ್ಲ ಅವಳದೇ. ಕಲಂದರ್ ಸಾಬರು ಸೊರಗಿ ಕಡ್ಡಿಯಾಗಿದ್ದರು. ಅವರಿಗೂ ಬುಗುರಿ ತೋರಿಸಲು ಹೋದೆ. "ನಿನ್ನ ಬುಗುರಿ ಅರ್ಥ ಆಗ್ತದೆ ಕಾತಮ್ಮ. ಆದ್ರೆ ನನ್ನ ಮನಸ್ಸು ಬುಗುರಿ ಮೇಲಿಲ್ಲ, ಮಗಳ ತಟ್ಟೆ ಮೇಲಿದೆ. ಸುಳ್ಳು ಕೇಳಿದ್ರೆ ಗಂಟಲು ಒಪ್ಪಲ್ಲ" ಎಂದರು. ನಾನು ಬುಗುರಿಯನ್ನು ಸೆರಗಿಗೆ ಕಟ್ಟಿಕೊಂಡು ಎದ್ದು ಬಂದೆ.

ಭೌತಶಾಸ್ತ್ರದ ಪರೀಕ್ಷೆಯ ಹಿಂದಿನ ಸಂಜೆ ನರಹರಿ ಮೇಷ್ಟ್ರು ಮೆಸ್ಸಿಗೆ ಬಂದರು. ಅವರು ಹೊರಗೆ ಉಣ್ಣುವವರಲ್ಲ. ಮೂಲೆಯ ಮೇಜಿನಲ್ಲಿ ಕೂತು, ಗುರುಸಿದ್ದಣ್ಣನೂ ಗಿರಣಿಯವನೂ ಎಲೆಕ್ಟ್ರಾನಿನ ವಿಷಯ ವಾದ ಮಾಡುವುದನ್ನು ಕೇಳಿಸಿಕೊಂಡರು. ಆಮೇಲೆ ನಮ್ಮ ಹತ್ತಿರ ಬಂದು, "ಗಿರಿಯಪ್ಪ, ಆ ಬುಗುರಿ ಇಲ್ಲಿ ಕೊಡು" ಎಂದರು. ತಾವೇ ತಿರುಗಿಸಿದರು. ಬಿತ್ತು. ಮತ್ತೆ ತಿರುಗಿಸಿದರು. "ನನ್ನ ಮೇಷ್ಟ್ರು ಒಪ್ಕೋ ಅಂದ್ರು, ಒಪ್ಕೊಂಡೆ. ನಾನು ನಿಮಗೆ ಒಪ್ಕೊಳ್ಳಿ ಅಂದೆ" ಎಂದು ಝೀನತ್‌ಳ ಕಡೆ ತಿರುಗಿ, ಚಿಕ್ಕ ಹುಡುಗನ ದನಿಯಲ್ಲಿ, "ಅಲ್ಲಮ್ಮಾ, ನಿಜಕ್ಕೂ, ಅದು ಯಾಕೆ ಬೀಳಲ್ಲ?" ಎಂದರು. ಸಾಕಮ್ಮ ವಡೆ ತಂದಿಟ್ಟಳು. ಮೇಷ್ಟ್ರು ಕಚ್ಚಿದರು, ಅಗಿದರು, ಗಂಟಲ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ನಗತೊಡಗಿದರು. ಅವರು ನಕ್ಕಿದ್ದನ್ನು ನಾವು ನೋಡಿದ್ದು ಅದೇ ಮೊದಲು. ಎರಡು ವರ್ಷ ಹೆದರಿಕೊಂಡು ಪಾಠ ಕೇಳಿದ್ದ ಆ ಮನುಷ್ಯನ ಮೇಲೆ ನನಗೆ ಅಂದು ಬಹಳ ಪ್ರೀತಿ ಹುಟ್ಟಿತು.

ಮರುದಿನ ಬೆಳಿಗ್ಗೆ ಸಾಕಮ್ಮ ಬಿಸಿ ಅನ್ನಕ್ಕೆ ತುಪ್ಪ ಹಾಕಿ ಬಡಿಸಿದಳು. ಮೇಷ್ಟ್ರೂ ಪಾಲು ಹೊತ್ತಿದ್ದರಿಂದ ಝೀನತ್ ಉಂಡಳು. ಮತ್ತೆ ಹಾಕಿಸಿಕೊಂಡಳು. ಕೊನೆಗೆ ತಟ್ಟೆಯಲ್ಲಿ ಒಂದೇ ಒಂದು ತುತ್ತು ಬಿಟ್ಟು, ತೇಗಿ, "ಅಬ್ಬಾ, ಹೊಟ್ಟೆ ತುಂಬಿತು" ಎಂದಳು. ಬಾಗಿಲ ಬಳಿ ನಿಂತಿದ್ದ ಕಲಂದರ್ ಸಾಬರು ಅಲ್ಲೇ ನೆಲದ ಮೇಲೆ ಕೂತು, ಮಗಳ ತಟ್ಟೆಯನ್ನೇ ಎಳೆದುಕೊಂಡು, ಅವಳು ಬಿಟ್ಟಿದ್ದ ಆ ತುತ್ತನ್ನು ಬಾಯಿಗಿಟ್ಟರು. ಇಳಿಯಿತು. ಅವರು ಉಂಡು ಮುಗಿಸುವವರೆಗೂ ಕಾದು, ನಾವು ಪರೀಕ್ಷೆಗೆ ಹೊರಟೆವು.

ಪತ್ರಿಕೆ ತೆಗೆದವರು ತಿರುಚಿಯೇ ಕೇಳಿದ್ದರು. ಎಷ್ಟು ತಿರುಚಿದರೂ ನಲ್ಲಿಯ ಸಾಲಿನಲ್ಲಿ ಹೆಂಗಸರು ನಮ್ಮನ್ನು ಹಿಂಡಿದ್ದಕ್ಕಿಂತ ಹೆಚ್ಚೇನೂ ತಿರುಚಿರಲಿಲ್ಲ. ನಾನು ಹೆಚ್ಚುವರಿ ಹಾಳೆ ತೆಗೆದುಕೊಂಡೆ. ಪಕ್ಕದ ಸಾಲಿನಲ್ಲಿ ಝೀನತ್‌ಳ ಪೆನ್ನು ಒಮ್ಮೆಯೂ ನಿಲ್ಲಲಿಲ್ಲ.

ಫಲಿತಾಂಶ ಬಂದಾಗ ನಾವು ನಾಲ್ವರೂ ಪಾಸಾಗಿದ್ದೆವು, ಝೀನತ್ ಮೊದಲ ದರ್ಜೆಯಲ್ಲಿ. ಅವಳು ಬಸ್ಸು ಹತ್ತುವ ಹಿಂದಿನ ದಿನ ಇಡೀ ಬೀದಿ ಮೆಸ್ಸಿನಲ್ಲಿ ಸೇರಿತು. ಮೇಷ್ಟ್ರೂ ಇದ್ದರು. ಸಾಬರು ಎಲ್ಲರ ಕೈ ಹಿಡಿದು ಹಿಡಿದು ಮಾತಾಡಿಸುತ್ತಿದ್ದರು. ಝೀನತ್ ಎದ್ದು ನಿಂತು, "ನೀವೆಲ್ಲ ದಿನಾ ಒಂದೊಂದು ತುತ್ತು ಬಿಡ್ತಿದ್ದೀರಿ. ಉತ್ತರ ಹುಡುಕಿ ತರ್ತೀನಿ" ಎಂದಳು. ಗುರುಸಿದ್ದಣ್ಣ, "ಅವಸರ ಇಲ್ಲ ಕಣವ್ವ, ಒಂದು ತುತ್ತಿಗೆ ಯಾರೂ ಸಾಯಂಗಿಲ್ಲ" ಎಂದ. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಹೊನ್ನೇಶ ಎಲ್ಲರ ಮುಂದೆ ಇಡುತ್ತಿದ್ದ ನೀರಿನ ಲೋಟಗಳನ್ನೇ ನೋಡುತ್ತಿದ್ದಳು. ಆ ನೋಟ ನಮಗೆಲ್ಲ ಚೆನ್ನಾಗಿ ಗೊತ್ತಿತ್ತು. "ನನಗೆ ಇನ್ನೊಂದು..." ಎಂದು 'ಯ'ಕಾರಕ್ಕೆ ಬಾಯಿ ತೆರೆದಳು.

ಹಿಂದಾಗಿದ್ದರೆ ಜನ ಚಪ್ಪಲಿ ಹುಡುಕಿಕೊಂಡು ಓಡುತ್ತಿದ್ದರು. ಅಂದು ಒಬ್ಬರೂ ಏಳಲಿಲ್ಲ. ಹಿಂದೆ ಕೂತವರು ಇನ್ನೂ ಚೆನ್ನಾಗಿ ಕೇಳಿಸಲೆಂದು ಮುಂದಕ್ಕೆ ಸರಿದರು. ಸಾಕಮ್ಮ ಮಾತ್ರ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಓಡಿಬಂದು ಝೀನತ್‌ಳ ಬಾಯಿಗೆ ಕೈ ಅಡ್ಡ ಹಿಡಿದಳು.

"ತಡಿ ನನ್ನವ್ವ, ಒಂದು ಗಳಿಗೆ ತಡಿ," ಎಂದಳು. "ಮೊದಲು ಎಲ್ಲರೂ ಹೊಟ್ಟೆ ತುಂಬ ಉಂಡುಬಿಡ್ತೀವಿ. ಆಮೇಲೆ ಕೇಳುವೆಯಂತೆ."